ಒಂದೂವರೆ ಕಿಲೋ ಕೂಸು, ಟೈಲರಮ್ಮನ ಎದೆ

“ಅತ್ತೇ, ಬೇಗ ಬನ್ನಿ! ಕೂತಲ್ಲೇ ನೀರು ಹೋಗ್ತಾ ಇದೆ, ನಿಲ್ತಾನೇ ಇಲ್ಲ!”

ಆ ಕೂಗು ಗೋಡೆ ದಾಟಿ ನನ್ನ ಇಸ್ತ್ರಿ ಅಂಗಡಿಯವರೆಗೂ ಕೇಳಿಸಿತು. ಬೆಳಿಗ್ಗೆ ಹತ್ತು ಗಂಟೆಯಿರಬೇಕು. ಒಂದು ಬಿಳಿ ಅಂಗಿಯ ಕಾಲರು ಉಜ್ಜುತ್ತಿದ್ದೆ. ಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿ, ಸ್ವಿಚ್ ಆರಿಸಿ, ಪಕ್ಕದ ಹೊಲಿಗೆ ಅಂಗಡಿಗೆ ಓಡಿದೆ.

ಆ ಅಂಗಡಿ ಟೈಲರಮ್ಮನದು. ಮೂವತ್ತು ವರ್ಷದಿಂದ ನಮ್ಮ ಬೀದಿಯ ಅರ್ಧ ಜನ ಅವಳು ಹೊಲಿದದ್ದನ್ನೇ ಹಾಕಿಕೊಂಡು ಓಡಾಡುತ್ತಿದ್ದಾರೆ. ಕೈ ಬಲು ಚುರುಕು. ಬಾಯಿ ಅವಳ ಕತ್ತರಿಗಿಂತ ಹರಿತ. ಯಾರು ಏನೇ ಹೇಳಿದರೂ ಮೊದಲು “ಅದೆಲ್ಲ ಸುಳ್ಳು” ಅನ್ನುವುದು ಅವಳ ರೂಢಿ. ಆಮೇಲೆ ಯೋಚನೆ ಮಾಡುತ್ತಾಳೆ.

ಒಳಗೆ ಎರಡನೇ ಮಿಷನ್ನಿನ ಮುಂದೆ ಸೊಸೆ ಕುರ್ಚಿ ಹಿಡಿದುಕೊಂಡು ನಿಂತಿದ್ದಳು. ಕುರ್ಚಿ ಒದ್ದೆ, ಪೆಡಲ್ ಒದ್ದೆ, ನೆಲದಲ್ಲಿ ಬಿದ್ದಿದ್ದ ಚೂರುಬಟ್ಟೆಗಳೆಲ್ಲ ಒದ್ದೆ. ಅವಳಿಗೆ ಎಂಟನೇ ತಿಂಗಳು ನಡೆಯುತ್ತಿತ್ತು.

“ಏನೂ ಆಗಿಲ್ಲ ಬಿಡು” ಎಂದಳು ಟೈಲರಮ್ಮ, ಸೂಜಿಗೆ ದಾರ ಪೋಣಿಸುತ್ತಲೇ. “ಕೂಸು ಮೂತ್ರಚೀಲಾನ ಒತ್ತಿರುತ್ತೆ. ನೋವಿದ್ಯಾ? ಇಲ್ಲ ತಾನೆ? ಹೋಗಿ ಮಲ್ಕೋ. ನಾಳೆ ನೋಡೋಣ.”

“ಅಕ್ಕಾ, ಮೂತ್ರ ಆಗಿದ್ರೆ ಬಿಗಿ ಹಿಡಿದ್ರೆ ನಿಲ್ಲುತ್ತೆ” ಎಂದೆ ನಾನು. “ಇದು ನಿಲ್ತಾ ಇದ್ಯಾ ನೋಡು. ಇದು ಕೂಸಿನ ಸುತ್ತ ಇರೋ ನೀರು!”

“ಅದೆಲ್ಲ ಸುಳ್ಳು. ನೋವಿಲ್ಲದೆ ಹೆರಿಗೆ ಆಗುತ್ತಾ?”

ನನಗೆ ಗೊತ್ತಿತ್ತು. ಹೋದ ತಿಂಗಳು ಟೈಲರಮ್ಮನಿಗೆ ಕೈತುಂಬಾ ಕೆಲಸವಿತ್ತೆಂದು ಸೊಸೆಯನ್ನು ತಪಾಸಣೆಗೆ ಕರೆದುಕೊಂಡು ಹೋಗಿದ್ದವಳು ನಾನೇ. ಅಲ್ಲಿ ಸಿಸ್ಟರ್ ಎಲ್ಲ ಬಸುರಿಯರನ್ನೂ ಕೂರಿಸಿಕೊಂಡು ಹೇಳಿದ್ದರು. ಗರ್ಭದೊಳಗೆ ಒಂದು ತೆಳ್ಳನೆ ಪೊರೆಯ ಚೀಲ ಇರುತ್ತದೆ. ಅದರ ತುಂಬಾ ನೀರು. ಆ ನೀರಲ್ಲಿ ಕೂಸು ತೇಲುತ್ತಿರುತ್ತದೆ. ಪೆಟ್ಟು ಬೀಳದ ಹಾಗೆ ನೀರು ಕಾಯುತ್ತದೆ, ಸೋಂಕು ತಗಲದ ಹಾಗೆ ಪೊರೆ ಕಾಯುತ್ತದೆ. ಪೊರೆ ಹರಿಯಿತೋ, ಹೊರಗಿನ ಕ್ರಿಮಿಗೆ ಬಾಗಿಲು ತೆರೆದ ಹಾಗೆ. ನೋವು ಬರಲಿ ಎಂದು ಕಾಯುತ್ತಾ ಕೂರಬಾರದು.

ಇದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ಹೇಳುತ್ತಲೇ ಫೋನು ತೆಗೆದು ಆಂಬುಲೆನ್ಸಿಗೆ ಕರೆ ಮಾಡಿದೆ.

“ಸೋಮವಾರಕ್ಕೆ ಶಾಲೆಯ ನಲವತ್ತು ಸಮವಸ್ತ್ರ ಕೊಡಬೇಕು ಕಣೆ!” ಎಂದು ಟೈಲರಮ್ಮ ಹಣೆ ಹಣೆ ಬಡಿದುಕೊಂಡಳು.

“ಅತ್ತೆ, ನಂಗೆ ಭಯ ಆಗ್ತಿದೆ” ಎಂದಳು ಸೊಸೆ.

ಅಷ್ಟು ಸಾಕಾಯಿತು. ಟೈಲರಮ್ಮ ಸೂಜಿಯನ್ನು ಮಿಷನ್ನಿನ ಪಕ್ಕದ ಪುಟ್ಟ ಸೂಜಿದಿಂಬಿಗೆ ಚುಚ್ಚಿ ಎದ್ದಳು. ಸೊಸೆಯ ಗಂಡ, ಅಂದರೆ ಟೈಲರಮ್ಮನ ಒಬ್ಬನೇ ಮಗ, ಲಾರಿ ಡ್ರೈವರು. ಹಿಂದಿನ ದಿನವಷ್ಟೇ ಸರಕು ತುಂಬಿಕೊಂಡು ಹೊರಟಿದ್ದ, ಬರಲು ಮೂರು ನಾಲ್ಕು ದಿನ ಬೇಕಿತ್ತು. ಹೋಗುತ್ತಾ ಹೋಗುತ್ತಾ ಆಂಬುಲೆನ್ಸಿನಿಂದಲೇ ಅವನಿಗೆ ಫೋನು ಮಾಡಿದೆವು.

ಆಸ್ಪತ್ರೆಯಲ್ಲಿ ಡಾಕ್ಟರು ನೋಡಿದ ಕೂಡಲೇ, “ಚೀಲ ಒಡೆದಿದೆ. ಬಂದಿದ್ದು ಒಳ್ಳೇದಾಯ್ತು” ಎಂದರು. ಸೋಂಕು ಆಗದಿರಲು ಔಷಧ ಹಾಕಿದರು. ಕೂಸಿನ ಶ್ವಾಸಕೋಶ ಬಲಿಯಲಿ ಎಂದು ತಾಯಿಗೆ ಇಂಜೆಕ್ಷನ್ ಕೊಟ್ಟರು. ಆ ಇಂಜೆಕ್ಷನ್ ಕೆಲಸ ಮಾಡಲು ಒಂದೆರಡು ದಿನ ಸಿಕ್ಕರೆ ಪುಣ್ಯ ಎಂದರು.

ಎರಡು ದಿನ ಸಿಕ್ಕಿತು. ಮೂರನೇ ದಿನ ಮಧ್ಯಾಹ್ನ ಮೂರು ಗಂಟೆಗೆ, ಮುಚ್ಚಿದ ಬಾಗಿಲಿನ ಆಚೆಯಿಂದ ಬೆಕ್ಕಿನ ಮರಿ ಕೂಗಿದಂಥ ಸಣ್ಣ ದನಿ ಕೇಳಿಸಿತು.

“ಅಕ್ಕಾ! ಅಳ್ತಾ ಇದೆ! ಕೂಸು ಅಳ್ತಾ ಇದೆ!” ಎಂದು ನಾನು ಕುಣಿದುಬಿಟ್ಟೆ. ಖುಷಿಗೆ ಕೆಮ್ಮು ಬಂತು. ಆ ವಾರವೆಲ್ಲ ನನಗೆ ನೆಗಡಿ ಕೆಮ್ಮು ಇದ್ದೇ ಇತ್ತು.

ಸ್ವಲ್ಪ ಹೊತ್ತಿಗೆ ಸಿಸ್ಟರ್ ಬಂದರು. ತಪಾಸಣೆಯ ದಿನ ಪಾಠ ಹೇಳಿದ ಅದೇ ಸಿಸ್ಟರ್. ಗಿಡ್ಡಗೆ, ದುಂಡಗೆ, ನಡೆದರೆ ಓಡಿದ ಹಾಗೆ, ಮಾತಾಡಿದರೆ ಮಿಷನ್ ತುಳಿದ ಹಾಗೆ. ಕೈಯಲ್ಲಿ ಬಿಳಿ ಬಟ್ಟೆಯ ಒಂದು ಗಂಟು.

“ಹೆಣ್ಣು ಕೂಸು. ಒಂದು ಕಿಲೋ ಐನೂರ ಅರವತ್ತು ಗ್ರಾಂ. ಉಸಿರಾಟ ಚೆನ್ನಾಗಿದೆ. ತಾಯಿಗೆ ಮಾಸು ಪೂರ್ತಿ ಬಿದ್ದಿಲ್ಲ, ರಕ್ತ ಹೋಗ್ತಾ ಇದೆ. ಆಪರೇಷನ್ ಕೋಣೆಗೆ ಕರ್ಕೊಂಡು ಹೋಗಿದ್ದಾರೆ, ಡಾಕ್ಟರ್ ನೋಡ್ತಾ ಇದ್ದಾರೆ. ಈಗ ಕೂಸಿನ ವಿಷಯ. ಮೈ ತಣ್ಣಗಾಗ್ತಾ ಇದೆ. ಮೂವತ್ತೈದು ಪಾಯಿಂಟ್ ಆರು ಡಿಗ್ರಿ. ಮೂವತ್ತಾರೂವರೆ ದಾಟಲೇಬೇಕು. ಬನ್ನಿ ಅಜ್ಜಿ, ನೀವು ಎತ್ಕೊಳ್ಳಿ.”

ಬೇರೆ ದಿನವಾಗಿದ್ದರೆ “ಯಾರನ್ನ ಅಜ್ಜಿ ಅಂತೀಯಾ?” ಎಂದು ಟೈಲರಮ್ಮ ಜಗಳಕ್ಕೇ ನಿಲ್ಲುತ್ತಿದ್ದಳು. ಅವತ್ತು ಸರಸರನೆ ಚೀಲದ ಜಿಪ್ ಎಳೆದು ನಾಲ್ಕು ಉಣ್ಣೆ ಸ್ವೆಟರ್ ತೆಗೆದಳು.

“ಇದು ಹಾಕಿ. ಒಂದರ ಮೇಲೊಂದು ಮೂರು ಹಾಕಿ. ನಾನೇ ಹೆಣೆದಿದ್ದು.”

“ಚೆನ್ನಾಗಿವೆ ಅಮ್ಮ. ಆದ್ರೆ ಬಟ್ಟೆ ಶಾಖ ಹುಟ್ಟಿಸಲ್ಲ. ಇರೋ ಶಾಖಾನ ಕಾಯುತ್ತೆ ಅಷ್ಟೆ. ಈ ಕೂಸಲ್ಲಿ ಕಾಯೋಕೆ ಶಾಖನೇ ಕಮ್ಮಿ ಇದೆಯಲ್ಲ! ಅದಕ್ಕೆ ನಿಮ್ಮ ಮೈ ಬೇಕು. ಬ್ಲೌಸಿನ ಗುಂಡಿ ಬಿಚ್ಚಿ, ಬರೀ ಎದೆ ಮೇಲೆ ಬರೀ ಮೈ ಕೂಸು. ಚರ್ಮಕ್ಕೆ ಚರ್ಮ ತಾಗಬೇಕು.”

“ಬರೀ ಮೈಗೆ? ಅದೆಲ್ಲ ಸುಳ್ಳು! ಗಾಜಿನ ಪೆಟ್ಟಿಗೆ ಇಲ್ವಾ ನಿಮ್ಮಲ್ಲಿ?”

“ಇದೆ. ಉಸಿರಾಟಕ್ಕೆ ಕಷ್ಟಪಡೋ ಕೂಸುಗಳಿಗೆ ಅದು ಬೇಕೇ ಬೇಕು. ನಿಮ್ಮ ಮೊಮ್ಮಗಳು ತಾನೇ ಉಸಿರಾಡ್ತಾ ಇದ್ದಾಳೆ. ಇಂಥ ಕೂಸಿಗೆ ಎದೆಯೇ ಒಳ್ಳೇದು. ಪೆಟ್ಟಿಗೆ ಖಾಲಿ ಇದ್ರೂ ನಾನು ನಿಮ್ಮನ್ನೇ ಕೇಳ್ತಿದ್ದೆ.”

ಟೈಲರಮ್ಮ ನನ್ನ ಕಡೆ ತಿರುಗಿದಳು. “ಇವಳಿಗೆ ಕೊಡಿ. ಇಸ್ತ್ರಿಯವಳು, ಮೈ ಯಾವಾಗಲೂ ಬೆಚ್ಚಗಿರುತ್ತೆ.”

ನಾನು ಕೈ ಚಾಚುವಷ್ಟರಲ್ಲಿ ಮತ್ತೆ ಕೆಮ್ಮು. ಸಿಸ್ಟರ್ ಎರಡು ಹೆಜ್ಜೆ ಹಿಂದೆ ಸರಿದರು. “ಕೆಮ್ಮು, ಜ್ವರ, ಚರ್ಮದಲ್ಲಿ ಹುಣ್ಣು ಕಜ್ಜಿ ಇರೋರು ಬೇಡ. ನೀವು ಆ ಕಡೆ ಕೂತ್ಕೊಳ್ಳಿ, ಮುಖಕ್ಕೆ ಮಾಸ್ಕ್ ಹಾಕ್ಕೊಳ್ಳಿ.” ಹಾಗೆ ನನ್ನ ಸರದಿ ತಪ್ಪಿತು.

ಸಿಸ್ಟರ್ ನಮ್ಮನ್ನು ಪಕ್ಕದ ಬೆಚ್ಚನೆಯ ಕೋಣೆಗೆ ಕರೆದುಕೊಂಡು ಹೋದರು. ಒರಗುವ ಕುರ್ಚಿ, ಒಂದು ಪರದೆ, ಕೈ ತೊಳೆಯುವ ಸಿಂಕು, ಪಕ್ಕದಲ್ಲೇ ಇನ್ನೊಬ್ಬ ಬಾಣಂತಿಯ ಹಾಸಿಗೆ. ಕೂಸನ್ನು ಸಣ್ಣ ಹೀಟರಿನ ಕೆಳಗೆ ಮಲಗಿಸಿ ಬಟ್ಟೆ ಸ್ವಲ್ಪ ಸರಿಸಿ ತೋರಿಸಿದರು. ಅಬ್ಬಾ! ಅಂಥದ್ದನ್ನು ನಾನು ನೋಡಿರಲಿಲ್ಲ. ಕೈ ನನ್ನ ಬೆರಳಷ್ಟು. ಚರ್ಮ ಎಷ್ಟು ತೆಳುವೆಂದರೆ ಒಳಗಿನ ನೀಲಿ ನರಗಳೆಲ್ಲ ಕಾಣುತ್ತಿದ್ದವು. ಬೆನ್ನ ಮೇಲೆ, ಕಂಕುಳಲ್ಲಿ ಬೆಣ್ಣೆಯಂಥ ಬಿಳಿ ಲೇಪ.

“ಅಯ್ಯೋ, ಮೊದಲು ಸ್ನಾನ ಮಾಡಿಸಿ. ಕೊಳೆ ಹಾಗೇ ಇದೆ” ಎಂದಳು ಟೈಲರಮ್ಮ.

“ಅದು ಕೊಳೆಯಲ್ಲ, ಅವಳು ಹುಟ್ಟುವಾಗಲೇ ಹಚ್ಕೊಂಡು ಬಂದ ಕ್ರೀಮು! ನೀರಲ್ಲಿ ತಿಂಗಳುಗಟ್ಟಲೆ ತೇಲಿದ್ರೂ ಚರ್ಮ ನೆನೆದು ಹಾಳಾಗದ ಹಾಗೆ ಕಾದಿದ್ದು ಇದೇ. ಒರೆಸಬಾರದು, ಉಜ್ಜಬಾರದು. ಸ್ನಾನ ಈಗ ಬೇಡವೇ ಬೇಡ. ಎಲ್ಲಿ, ನಿಮ್ಮ ಕೈ ಕೊಡಿ.”

ಸಿಸ್ಟರ್ ಅವಳ ಮುಂಗೈಯ ಚರ್ಮವನ್ನು ಮೆಲ್ಲಗೆ ಎರಡು ಬೆರಳಲ್ಲಿ ಎತ್ತಿ ಹಿಡಿದರು.

“ಇದು ಒಂದೇ ಪದರ ಅಂದ್ಕೊಂಡಿದ್ದೀರಾ? ಮೇಲ್ಗಡೆ ಹೊರಚರ್ಮ. ಅದರ ತುತ್ತತುದಿಯಲ್ಲಿ ಸತ್ತ ಜೀವಕೋಶಗಳು ಹೆಂಚು ಹೊದಿಸಿದ ಹಾಗೆ ಒತ್ತೊತ್ತಾಗಿ ಇರ್ತವೆ. ಒಳಗಿನ ನೀರು ಆಚೆ ಹೋಗಬಾರದು, ಆಚೆಯ ಕ್ರಿಮಿ ಒಳಗೆ ಬರಬಾರದು, ಅದು ಅದರ ಕೆಲಸ. ಅದರ ಕೆಳಗೆ ಒಳಚರ್ಮ. ರಕ್ತನಾಳ, ಬೆವರು ಮಾಡೋ ಗ್ರಂಥಿ, ಕೂದಲ ಬುಡ, ಮುಟ್ಟಿದ್ದು ತಿಳಿಯೋ ನರ ಎಲ್ಲ ಅಲ್ಲೇ. ಅದಕ್ಕಿಂತ ಕೆಳಗೆ ಕೊಬ್ಬು, ಮೈ ಬೆಚ್ಚಗಿಡೋಕೆ.”

ಟೈಲರಮ್ಮ ತನ್ನ ಕೈಯನ್ನೇ ಹೊಸದಾಗಿ ನೋಡುವಂತೆ ನೋಡಿದಳು. “ಮೇಲ್ಬಟ್ಟೆ, ಲೈನಿಂಗು, ಕೆಳಗೆ ಹತ್ತಿ. ಚಳಿಗಾಲದ ಕೋಟು ಹೊಲಿದ ಹಾಗೆ.”

“ಹಾಂ, ಸರಿಯಾಗಿ ಹೇಳಿದ್ರಿ! ಈ ಕೂಸು ಏಳು ವಾರ ಮೊದಲೇ ಬಂದುಬಿಟ್ಟಿದೆ. ಹೊರಚರ್ಮ ಇನ್ನೂ ತೆಳು. ಹತ್ತಿ ತುಂಬೋಕೆ ಮುಂಚೆನೇ ಕೋಟು ಕೈಗೆ ಬಂದಿದೆ. ಅದಕ್ಕೆ ಶಾಖನೂ ಸೋರಿ ಹೋಗುತ್ತೆ, ಮೈಯ ನೀರೂ ಸೋರಿ ಹೋಗುತ್ತೆ. ನೋಡಿ, ಮಾತಾಡ್ತಾ ಆಡ್ತಾ ಪಾದ ಎಷ್ಟು ತಣ್ಣಗಾಯ್ತು.”

ಟೈಲರಮ್ಮ ಒಂದು ಬೆರಳಿನಿಂದ ಆ ಪಾದವನ್ನು ಮುಟ್ಟಿದಳು. ಮುಟ್ಟಿದ್ದೇ ತಡ, ಸುಟ್ಟವಳಂತೆ ಕೈ ಹಿಂದಕ್ಕೆಳೆದುಕೊಂಡಳು.

“ನನ್ನಿಂದ ಆಗಲ್ಲ. ನನ್ನ ಕೈಗುಣ ಸರಿಯಿಲ್ಲ.”

“ಅಕ್ಕಾ, ಏನು ಮಾತು ಅಂತ ಆಡ್ತೀಯಾ?” ಎಂದೆ.

“ನಿಂಗೆ ಗೊತ್ತಿಲ್ಲ ಕಣೆ. ನನ್ನ ಮಗನಿಗೂ ಗೊತ್ತಿಲ್ಲ.” ಅವಳು ಗೋಡೆ ನೋಡುತ್ತಾ ಹೇಳಿದಳು. “ಅವನಿಗಿಂತ ಮುಂಚೆ ಒಂದು ಹೆಣ್ಣು ಹುಟ್ಟಿತ್ತು. ಇಷ್ಟೇ ಇತ್ತು. ಎಂಟನೇ ತಿಂಗಳು. ಮುಟ್ಟಬೇಡ, ನಂಜಾಗುತ್ತೆ ಅಂದ್ರು. ಸ್ನಾನ ಮಾಡಿಸಿ, ಹತ್ತೀಲಿ ಸುತ್ತಿ, ಆ ಮೂಲೇಲಿ ಮಲಗಿಸಿದ್ರು. ನಾನು ಈ ಮೂಲೆಯ ಮಂಚದಿಂದ ನೋಡ್ತಾ ಇದ್ದೆ. ಮಾರನೇ ದಿನ ತಡೆಯೋಕಾಗದೆ ಎದ್ದು ಹೋಗಿ ಕೈ ಹಾಕಿದೆ. ಕಲ್ಲಿನ ಹಾಗೆ ತಣ್ಣಗಿತ್ತು. ಎಲ್ಲರೂ ನೀನು ಮುಟ್ಟಿದ್ದಕ್ಕೇ ಹೋಯ್ತು ಅಂದ್ರು.”

ಮೂವತ್ತು ವರ್ಷ ಗೋಡೆಗೆ ಗೋಡೆ ತಾಗಿ ಬದುಕಿದ್ದೇವೆ. ಈ ಮಾತು ನನಗೆ ಒಂದು ದಿನವೂ ಹೇಳಿರಲಿಲ್ಲ.

ಸಿಸ್ಟರ್ ಅವಳ ಎರಡೂ ಕೈಗಳನ್ನು ಹಿಡಿದುಕೊಂಡರು. ಅಲ್ಲಿಯವರೆಗೆ ಓಡುತ್ತಿದ್ದ ಅವರ ಮಾತು ನಿಧಾನವಾಯಿತು. “ಅಮ್ಮಾ, ಆ ಕೂಸು ನೀವು ಮುಟ್ಟಿದ್ದಕ್ಕೆ ಹೋಗ್ಲಿಲ್ಲ. ನೀವು ಮುಟ್ಟೋಕೆ ಮುಂಚೆನೇ ತಣ್ಣಗಾಗಿತ್ತು ಅಂತ ನೀವೇ ಹೇಳಿದ್ರಿ. ಬೆಚ್ಚಗಿಡೋದು ಹೇಗೆ ಅಂತ ಅವತ್ತು ನಿಮ್ಮ ಮನೇಲಿ ಯಾರಿಗೂ ಗೊತ್ತಿರ್ಲಿಲ್ಲ. ಈಗ ಗೊತ್ತಿದೆ. ನಾನು ಪಕ್ಕದಲ್ಲೇ ಇರ್ತೀನಿ. ತಡ ಮಾಡೋದು ಬೇಡ.”

ಟೈಲರಮ್ಮ ಸೆರಗಿಲ್ಲ, ಕರವಸ್ತ್ರವಿಲ್ಲ, ಮುಂಗೈಯಲ್ಲೇ ಕಣ್ಣು ಒರೆಸಿಕೊಂಡು ಸಿಂಕಿನ ಹತ್ತಿರ ಹೋದಳು. ಉಂಗುರ ತೆಗೆದು ನನ್ನ ಕೈಗೆ ಕೊಟ್ಟಳು. ಸೋಪು ಹಚ್ಚಿ ಮೊಣಕೈವರೆಗೂ ತಿಕ್ಕಿ ತಿಕ್ಕಿ ತೊಳೆದಳು.

“ಆ ಪರದೆ ಎಳಿಯೇ” ಎಂದು ನನಗೆ ಗದರಿ, ಕುರ್ಚಿಯಲ್ಲಿ ಒರಗಿ ಗುಂಡಿ ಬಿಚ್ಚಿದಳು.

ಸಿಸ್ಟರ್ ಕೂಸಿಗೆ ಟೋಪಿ, ಕಾಲುಚೀಲ, ಚಡ್ಡಿಯಂತೆ ಒಂದು ಬಟ್ಟೆ, ಇಷ್ಟೇ ಹಾಕಿದರು. ಟೈಲರಮ್ಮನ ಎದೆಯ ನಡುವೆ ನೆಟ್ಟಗೆ, ಕಪ್ಪೆ ಕೂತ ಹಾಗೆ ಕೈಕಾಲು ಮಡಿಸಿ ಕೂರಿಸಿದರು. ತಲೆಯನ್ನು ಒಂದು ಪಕ್ಕಕ್ಕೆ ತಿರುಗಿಸಿದರು. “ಮೂಗು ಬಾಯಿ ಯಾವಾಗಲೂ ಕಾಣಿಸ್ತಾ ಇರಬೇಕು. ಕತ್ತು ಬಗ್ಗಬಾರದು.” ಆಮೇಲೆ ಇಬ್ಬರನ್ನೂ ಸೇರಿಸಿ ಅಗಲವಾದ ಬಟ್ಟೆಯಿಂದ ಸುತ್ತಿ ಕಟ್ಟಿದರು. ಮೇಲೊಂದು ಹೊದಿಕೆ.

“ಅಮ್ಮಮ್ಮಾ, ಏನು ತಣ್ಣಗಿದ್ದಾಳೆ!” ಎಂದಳು ಟೈಲರಮ್ಮ. ಉಸಿರು ಬಿಡಲೂ ಹೆದರಿ ಬಿಗಿಯಾಗಿ ಕೂತಿದ್ದಳು.

“ಉಸಿರಾಡಿ ಅಜ್ಜಿ! ನೀವು ಉಸಿರು ಕಟ್ಟಿದ್ರೆ ಅವಳು ಏನು ಕಲೀತಾಳೆ?”

ಗೋಡೆ ಗಡಿಯಾರದಲ್ಲಿ ಮೂರೂ ಮುಕ್ಕಾಲು. ಈಗ ಕಾಯುವುದಷ್ಟೇ.

ಅರ್ಧ ಗಂಟೆಗೆ ಸಿಸ್ಟರ್ ಕಂಕುಳಲ್ಲಿ ಥರ್ಮಾಮೀಟರ್ ಇಟ್ಟರು. ನಾನು ಪರದೆಯ ಈಚೆಯಿಂದ, “ಎಷ್ಟು? ಎಷ್ಟು?”

“ಮೂವತ್ತೈದು ಪಾಯಿಂಟ್ ಒಂಬತ್ತು.”

“ಏರಿತು! ಅಕ್ಕಾ, ಏರಿತು ಕಣೇ!”

“ಕೂಗಬೇಡ್ವೇ, ಬೆಚ್ಚಿಬೀಳ್ತಾಳೆ” ಎಂದಳು ಟೈಲರಮ್ಮ.

ನಾಲ್ಕೂ ಮುಕ್ಕಾಲಿಗೆ ಮೂವತ್ತಾರು ಪಾಯಿಂಟ್ ಎರಡು. ನಾನು ಎದ್ದು ನಿಂತವಳು ಕೂರಲೇ ಇಲ್ಲ. ಟೈಲರಮ್ಮನಿಗೆ ಧೈರ್ಯ ಬಂದು ಮಾತು ಶುರುವಾಗಿತ್ತು.

“ಸಿಸ್ಟರ್, ಇದು ನನ್ನ ಉಸಿರಿನ ಜೊತೆಗೇ ಉಸಿರು ಬಿಡ್ತಾ ಇದೆ. ಮೇಲೆ ಕೆಳಗೆ, ಮೇಲೆ ಕೆಳಗೆ. ಇಷ್ಟು ಸಣ್ಣ ಗೂಡೊಳಗೆ ಶ್ವಾಸಕೋಶ ಉಜ್ಜಿ ಸವೆಯಲ್ವಾ?”

“ಅದಕ್ಕೂ ಪೊರೆ ಇದೆ! ಶ್ವಾಸಕೋಶದ ಮೇಲೊಂದು, ಎದೆಗೂಡಿನ ಒಳಗೋಡೆಗೊಂದು. ನಡುವೆ ಒಂಚೂರು ನೀರಿನಂಥ ದ್ರವ. ಹಾಗಾಗಿ ಜಾರುತ್ತೆ, ಉಜ್ಜಲ್ಲ. ಹೃದಯಕ್ಕೂ ಅಂಥದ್ದೇ ಚೀಲ.”

“ರೇಷ್ಮೆ ಲೈನಿಂಗು” ಎಂದು ಟೈಲರಮ್ಮ ತನ್ನಷ್ಟಕ್ಕೆ ಹೇಳಿಕೊಂಡಳು. “ಹಾಕದಿದ್ರೆ ತೋಳು ಒಳಗೆ ಹೋಗೋದೇ ಇಲ್ಲ.”

ಕೂಸು ಬಾಯಿ ಚಪ್ಪರಿಸಿತು. “ಹಸಿವು! ಸಕ್ಕರೆ ನೀರು ಒಂದು ಹನಿ ಹಾಕಲಾ? ಇಲ್ಲ, ಜೇನುತುಪ್ಪ?”

“ಎರಡೂ ಬೇಡ! ಬಾಯಿಂದ ಕರುಳಿನ ಕೊನೆವರೆಗೂ ಒಳಗಡೆ ಲೋಳೆಪೊರೆ ಅಂತ ಇದೆ. ಒದ್ದೆಯಾಗಿ, ಮೃದುವಾಗಿ. ಹೊರಗೆ ಚರ್ಮ ಹೇಗೋ ಒಳಗೆ ಅದು. ಇವಳಿಗೆ ಅದೂ ಇನ್ನೂ ಎಳಸು. ತಾಯಿಯ ಮೊದಲ ಹಳದಿ ಹಾಲು ಆ ಪೊರೆಗೆ ಕಾವಲು ಕೂರುತ್ತೆ. ಬೇರೆ ಏನು ಹಾಕಿದ್ರೂ ಕ್ರಿಮಿಗೆ ದಾರಿ. ತಾಯಿ ಬರಲಿ, ಹಿಂಡಿ ಕೊಡೋಣ.”

ಟೈಲರಮ್ಮ “ಅದೆಲ್ಲ” ಎಂದಳು. ನಾನು “ಸುಳ್ಳು” ಬರುತ್ತದೆಂದು ಕಾದೆ. ಬರಲಿಲ್ಲ. “ಅದೆಲ್ಲ ನಂಗ್ಯಾರೂ ಹೇಳಿರ್ಲಿಲ್ಲ ನೋಡಿ” ಎಂದಳು.

ಐದೂಕಾಲು. ಸಿಸ್ಟರ್ ಥರ್ಮಾಮೀಟರ್ ತೆಗೆದು ಕಿಟಕಿಯ ಬೆಳಕಿಗೆ ಹಿಡಿದರು. ಮತ್ತೊಮ್ಮೆ ನೋಡಿದರು.

“ಮೂವತ್ತಾರು ಪಾಯಿಂಟ್ ಆರು!”

ನಾನು ಕಿರುಚಲಿಲ್ಲ. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ನಿಂತಲ್ಲೇ ಕುಣಿದೆ. ಪಕ್ಕದ ಹಾಸಿಗೆಯ ಬಾಣಂತಿ ಚಪ್ಪಾಳೆ ತಟ್ಟಿದಳು. ಟೈಲರಮ್ಮ ಹೊದಿಕೆಯೊಳಗೆ ಕೈ ಹಾಕಿ ಪಾದ ಮುಟ್ಟಿದಳು. ಮುಟ್ಟಿ, ಹಾಗೇ ಹಿಡಿದುಕೊಂಡಳು. ಈ ಸಲ ಬಿಡಲಿಲ್ಲ.

“ಬೆಚ್ಚಗಿದೆ” ಎಂದಳು. ಅಷ್ಟೆ.

ಆರು ಗಂಟೆಗೆ ಸೊಸೆಯನ್ನು ಹೊರಗೆ ಕರೆತಂದರು. ರಕ್ತ ನಿಂತಿತ್ತು. ಮುಖ ಬಿಳಿಚಿತ್ತು, ಆದರೆ ಕಣ್ಣು ಬಿಟ್ಟವಳು ಮೊದಲು ಕೇಳಿದ್ದು, “ಅತ್ತೆ ಎಲ್ಲಿ? ಕೂಸು ಎಲ್ಲಿ?”

“ಎರಡೂ ಒಂದೇ ಕಡೆ ಇವೆ, ಯೋಚನೆ ಮಾಡಬೇಡ!” ಎಂದೆ ನಾನು.

ಸಿಸ್ಟರ್ ಹೇಳಿಕೊಟ್ಟಂತೆ ಅವಳು ಹಾಲು ಹಿಂಡಿದಳು. ಬಂದಿದ್ದು ಅರ್ಧ ಚಮಚ, ಹಳದಿ ಹಳದಿ. ಕೂಸು ಅದನ್ನು ಹನಿ ಹನಿಯಾಗಿ ನುಂಗಿತು. ಆ ಅರ್ಧ ಚಮಚಕ್ಕೆ ನಾವು ಪಟ್ಟ ಸಂಭ್ರಮ ನೋಡಿದವರು ಏನೆಂದುಕೊಂಡರೋ!

ಮಾರನೇ ದಿನ ಬೆಳಿಗ್ಗೆ ಸೊಸೆಗೆ ಸ್ವಲ್ಪ ಶಕ್ತಿ ಬಂತು. “ಅಜ್ಜಿ, ಈಗ ಅಮ್ಮನಿಗೆ ಕೊಡಿ” ಎಂದರು ಸಿಸ್ಟರ್.

“ಈಗಷ್ಟೇ ನಿದ್ದೆ ಬಂದಿದೆ. ಇನ್ನೈದು ನಿಮಿಷ” ಎಂದಳು ಟೈಲರಮ್ಮ.

ಐದು ನಿಮಿಷ ಅರ್ಧ ಗಂಟೆಯಾಯಿತು. “ಅತ್ತೆ, ನಾನು ಹೆತ್ತಿದ್ದು!” ಎಂದು ಸೊಸೆ ನಗುತ್ತಾ ಕೈ ಚಾಚಿದ ಮೇಲೆ ಒಲ್ಲದ ಮನಸ್ಸಿನಿಂದ ಬಟ್ಟೆ ಬಿಚ್ಚಿದಳು. ಕೂಸು ತಾಯಿಯ ಎದೆಗೆ ಹೋಯಿತು. ಮೂಗಿನಿಂದ ಅತ್ತಿತ್ತ ಹುಡುಕಿತು. ಸೊಸೆ ಅಲ್ಲಿಯವರೆಗೆ ಅತ್ತಿರಲಿಲ್ಲ. ಆಗ ಅತ್ತಳು.

ಮಗ ಬಂದದ್ದು ಅವತ್ತು ಮಧ್ಯಾಹ್ನ. ಆರಡಿ ಆಳು, ಮೈಯೆಲ್ಲ ಡೀಸೆಲ್ ವಾಸನೆ, ಕೈಯಲ್ಲಿ ದೊಡ್ಡದೊಂದು ಪೌಡರ್ ಡಬ್ಬಿ. ಬಾಗಿಲಲ್ಲೇ ಅವನಮ್ಮ ಅಡ್ಡ ನಿಂತಳು.

“ಆ ಪೌಡರ್ ಅಲ್ಲೇ ಇಡು. ಹೋಗಿ ಸ್ನಾನ ಮಾಡು. ಉಗುರು ಕತ್ತರಿಸು. ಬಂದು ಶರ್ಟು ಬಿಚ್ಚು.”

“ಶರ್ಟಾ? ಅಮ್ಮಾ, ಇಷ್ಟು ಜನ ಹೆಂಗಸರ ಮುಂದೆ?”

“ಪರದೆ ಇದೆ. ನಿನ್ನನ್ನ ಯಾರೂ ನೋಡಲ್ಲ, ಎಲ್ಲರೂ ಕೂಸನ್ನೇ ನೋಡೋದು.”

“ನಾನು ಗಂಡಸು. ನನ್ನ ಎದೆಯಲ್ಲಿ ಹಾಲಿದ್ಯಾ?”

“ಹಾಲು ಅವಳು ಕೊಡ್ತಾಳೆ. ಶಾಖಕ್ಕೆ ಗಂಡು ಹೆಣ್ಣು ಅಂತಿಲ್ಲ. ನಿಂಗೂ ಚರ್ಮ ಇದೆ ತಾನೆ?”

ಒಂದು ಗಂಟೆಯ ನಂತರ ನಾನು ಪರದೆಯ ಸಂದಿಯಿಂದ ಇಣುಕಿದೆ. ಲಾರಿಯ ಸ್ಟಿಯರಿಂಗ್ ತಿರುಗಿಸುವ ಆ ದೊಡ್ಡ ಕೈ ಕೂಸಿನ ಇಡೀ ಬೆನ್ನನ್ನು ಮುಚ್ಚಿತ್ತು. ಅಲುಗಾಡದೆ ಕೂತಿದ್ದ. ನೊಣ ಬಂದು ಕಿವಿ ಮೇಲೆ ಕೂತರೂ ಓಡಿಸಲಿಲ್ಲ.

“ಚಿಕ್ಕಮ್ಮಾ” ಎಂದ ಪಿಸುಮಾತಿನಲ್ಲಿ, “ಇವಳ ಎದೆಬಡಿತ ನಂಗೆ ತಿಳೀತಾ ಇದೆ. ನನ್ನದು ಅವಳಿಗೆ ತಿಳಿಯುತ್ತಾ?”

“ತಿಳಿಯದೇನು? ನಿನ್ನ ಚರ್ಮದಲ್ಲಿ ನರ ಇದ್ರೆ ಅವಳ ಚರ್ಮದಲ್ಲಿ ಇರಲ್ವಾ?” ಎಂದೆ. ಎರಡು ದಿನ ಕೇಳಿ ಕೇಳಿ ನಾನೂ ಅರ್ಧ ಸಿಸ್ಟರ್ ಆಗಿಬಿಟ್ಟಿದ್ದೆ.

ಹಾಗಂತ ಎಲ್ಲ ಸಲೀಸಾಗಿ ನಡೆಯಿತು ಎಂದುಕೊಳ್ಳಬೇಡಿ. ನಾಲ್ಕನೇ ದಿನ ತೂಕ ಒಂದು ಕಿಲೋ ನಾನೂರ ಎಪ್ಪತ್ತಕ್ಕೆ ಇಳಿಯಿತು. ಟೈಲರಮ್ಮ ಊಟ ಬಿಟ್ಟು ಕೂತಳು. “ಮೊದಲ ವಾರ ಎಲ್ಲ ಕೂಸೂ ಸ್ವಲ್ಪ ಇಳಿಯುತ್ತೆ ಅಜ್ಜಿ, ಆಮೇಲೆ ಏರುತ್ತೆ” ಎಂದು ಸಿಸ್ಟರ್ ಹೇಳಿದರೂ ಅವಳ ಮುಖ ಅರಳಲಿಲ್ಲ. ತಾಯಿ ಎದ್ದಾಗ ಅಜ್ಜಿ, ಅಜ್ಜಿ ಎದ್ದಾಗ ಅಪ್ಪ, ಹೀಗೆ ಹಗಲೂ ರಾತ್ರಿ ಸರದಿ ನಡೆಯಿತು. ಕೂಸು ಒಂದು ಎದೆಯಿಂದ ಇನ್ನೊಂದು ಎದೆಗೆ ಹೋಗುವಾಗ ಮಾತ್ರ ಗಾಳಿ ನೋಡುತ್ತಿತ್ತು. ಆರನೇ ದಿನ ಇಪ್ಪತ್ತು ಗ್ರಾಂ ಏರಿತು. ಹತ್ತನೇ ದಿನ ಹುಟ್ಟಿದ ತೂಕ ದಾಟಿತು! ಅವತ್ತು ಕೆಮ್ಮು ಪೂರ್ತಿ ವಾಸಿಯಾಗಿದ್ದ ನನಗೂ ಒಂದು ಗಂಟೆ ಸಿಕ್ಕಿತು. ಆ ಒಂದು ಗಂಟೆಯ ಸುಖ ನಾನು ಹೇಗೆ ಹೇಳಲಿ? ಬೇಡ ಬಿಡಿ.

ಸಮವಸ್ತ್ರ ಎರಡು ವಾರ ತಡವಾಯಿತು. ಶಾಲೆಯವರು ಬಂದು ಬೈದರು. ಟೈಲರಮ್ಮ ಬಾಯಿ ಮುಚ್ಚಿಕೊಂಡು ಬೈಸಿಕೊಂಡಳು. ನಮ್ಮ ಬೀದಿಗೆ ಅದೇ ಒಂದು ದೊಡ್ಡ ಸುದ್ದಿ.

ಇಪ್ಪತ್ತೆರಡನೇ ದಿನ ಒಂದು ಕಿಲೋ ಎಂಟುನೂರ ಎಂಬತ್ತು. ಕೂಸು ಎದೆಹಾಲು ತಾನೇ ಚೀಪುತ್ತಿತ್ತು. ಡಾಕ್ಟರು ಮನೆಗೆ ಹೋಗಬಹುದೆಂದರು. ಮನೆಯಲ್ಲೂ ಎದೆಗೆ ಕಟ್ಟಿಕೊಳ್ಳುವುದನ್ನು ಬಿಡಬೇಡಿ, ಕೂಸೇ ಒದ್ದಾಡಿ ಸಾಕು ಅನ್ನುವವರೆಗೆ ಮುಂದುವರಿಸಿ ಎಂದರು.

ಹೊರಡಲು ಚೀಲ ಕಟ್ಟಿ ನೋಡಿದರೆ ಟೈಲರಮ್ಮನೇ ಇಲ್ಲ. ಹುಡುಕಿಕೊಂಡು ಹೋದೆ. ವಾರ್ಡಿನ ಕೊನೆಯಲ್ಲಿ ಹಿಂದಿನ ದಿನ ಬಂದ ಒಂದು ಮನೆಯವರಿದ್ದರು. ಅವರದೂ ತಿಂಗಳು ತುಂಬದ ಕೂಸು. ಅದರಜ್ಜ ಕೈಕಟ್ಟಿಕೊಂಡು, “ಇದೆಲ್ಲ ನಾವು ಕೇಳಿಲ್ಲ, ನೋಡಿಲ್ಲ” ಅನ್ನುತ್ತಿದ್ದ. ಟೈಲರಮ್ಮ ಅವನ ಮುಂಗೈಯ ಚರ್ಮವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದಿದ್ದಳು.

“ಇಲ್ಲಿ ನೋಡಿ ಯಜಮಾನ್ರೇ. ಇದು ಒಂದೇ ಪದರ ಅಂದ್ಕೊಂಡಿದ್ದೀರಾ?”

ನಮ್ಮನ್ನು ಮನೆಗೆ ಬಿಡಲು ಬಂದ ಆಂಬುಲೆನ್ಸು ಹೊರಗೆ ಹಾರನ್ ಹೊಡೆಯುತ್ತಲೇ ಇತ್ತು. ಆ ಅಜ್ಜ ಎದ್ದು ಸಿಂಕಿನ ಕಡೆ ಹೋಗುವವರೆಗೂ ಅವಳು ಅಲ್ಲಿಂದ ಕದಲಲಿಲ್ಲ.

ಈ ಕಥೆ ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಅಜ್ಜಿ ತಾತಂದಿರೇ, ಒಂದು ಮಾತು. ನಿಮ್ಮ ಮನೆಯ ಬಸುರಿ ಹೆಂಗಸಿಗೆ ನೀರು ಹೋದರೆ, ನೋವಿಲ್ಲ ಎಂದು ಒಂದು ಗಂಟೆಯೂ ಮನೆಯಲ್ಲಿ ಕೂರಿಸಬೇಡಿ. ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಕೂಸು ಬೇಗ ಬಂದುಬಿಟ್ಟರೆ, ಸಣ್ಣಗಿದ್ದರೆ, ಹೆದರಿ ದೂರ ಸರಿಯಬೇಡಿ. ಸಿಸ್ಟರನ್ನು ನೀವಾಗಿಯೇ ಕೇಳಿ: “ನಮ್ಮ ಕೂಸನ್ನು ಎದೆಗೆ ಕಟ್ಟಿಕೊಳ್ಳಬಹುದಾ?” ಅವರು ತೋರಿಸಿಕೊಡುತ್ತಾರೆ. ಸ್ನಾನ, ಪೌಡರು, ಸಕ್ಕರೆ ನೀರು ಯಾವುದಕ್ಕೂ ಅವಸರ ಬೇಡ, ತಾಯಿಯ ಹಾಲಿಗೆ ಮಾತ್ರ ಅವಸರ ಮಾಡಿ. ಕೂಸು ಹಾಲು ಬಿಟ್ಟರೆ, ಉಸಿರು ತಡೆತಡೆದು ಬಂದರೆ, ಮೈ ನೀಲಿಯಾದರೆ, ಎಷ್ಟು ಹೊತ್ತು ಎದೆಗಿಟ್ಟರೂ ಕೈಕಾಲು ಬೆಚ್ಚಗಾಗದಿದ್ದರೆ ಒಂದು ನಿಮಿಷವೂ ಕಾಯದೆ ಡಾಕ್ಟರ ಹತ್ತಿರ ಓಡಿ.

ತಾಯಿಗೆ ಆಗದಿದ್ದರೆ ಅಪ್ಪ ಇದ್ದಾನೆ. ಅಪ್ಪ ಊರಲ್ಲಿಲ್ಲದಿದ್ದರೆ ಅಜ್ಜಿ ಇದ್ದಾಳೆ, ಅತ್ತೆ ಇದ್ದಾಳೆ, ಚಿಕ್ಕಪ್ಪ ಇದ್ದಾನೆ. ಅದಕ್ಕೆ ಓದು ಬೇಡ, ಕರೆಂಟು ಬೇಡ. ತೊಳೆದ ಕೈ, ಆರೋಗ್ಯದ ಮೈ ಇದ್ದರೆ ಸಾಕು.

ನಾಚಿಕೆ ಪಡಬೇಡಿ. ಗುಂಡಿ ಬಿಚ್ಚಿ. ಎತ್ತಿಕೊಳ್ಳಿ.